ಆಣೆ ಮಾಡದವನ ಪೆಡಲು

ಮಾಕಳಿಯ ನಮ್ಮ ಶೆಡ್ಡಿನ ದೊಡ್ಡ ಪ್ರೆಸ್ಸು ಒಂದು ಏಟು ಹಾಕಿದರೆ, ತುಮಕೂರು ರಸ್ತೆಯಲ್ಲಿ ಹೋಗುವ ಲಾರಿಯವನು ಟೈರು ಸಿಡಿಯಿತೆಂದು ಬ್ರೇಕು ಹಾಕಿ ಇಳಿದು ನೋಡುತ್ತಾನೆ. ಇದನ್ನು ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮೂರ ಕೋಣ ರೈಲಿಗೆ ಗುದ್ದಿ ಎಂಜಿನ್ನನ್ನು ಹಿಂದಿನ ಸ್ಟೇಷನ್ನಿಗೆ ಕಳಿಸಿದ್ದನ್ನೂ ಅವರು ನಂಬಿಲ್ಲ. ಆ ಕೋಣ ಅವರ ಕಣ್ಣೆದುರೇ ಮೇಯ್ದುಕೊಂಡಿತ್ತು.

ಆ ಪ್ರೆಸ್ಸಿಗೆ ಇಬ್ಬರು ಬೇಕು. ಒಬ್ಬ ತಗಡಿನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗಿನ ಅಚ್ಚಿನ ಮೇಲೆ ಕೂರಿಸಬೇಕು. ಆ ಅಚ್ಚಿಗೆ ನಾವು ಡೈ ಅನ್ನುತ್ತೇವೆ. ಕೂರಿಸಿ, ಕೈ ಹೊರಗೆ ತೆಗೆದು 'ಹೂಂ' ಎಂದು ಕೂಗಬೇಕು. ಇನ್ನೊಬ್ಬ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಪೆಡಲು ತುಳಿಯಬೇಕು. ತುಳಿದ ಮೇಲೆ ಮುಗಿಯಿತು. ಮೇಲಿನ ಕಬ್ಬಿಣದ ಗುಂಡು ಇಳಿದೇ ಇಳಿಯುತ್ತದೆ, ನಡುವೆ ಅದನ್ನು ನಿಲ್ಲಿಸುವುದು ಯಾರಿಂದಲೂ ಆಗುವುದಿಲ್ಲ. ನಾನು ಹಾಳೆ ಇಡುವವನು. ಅಂದರೆ ನನ್ನ ಎರಡೂ ಕೈ ದಿನವಿಡೀ ಇನ್ನೊಬ್ಬನ ಕಾಲಿನ ಮರ್ಜಿಯಲ್ಲಿ ಇರುತ್ತವೆ.

ನಮ್ಮ ಫೋರ್ಮನ್ನು ಮುರಿಗೆಪ್ಪನವರು. ಹಿಂದೆ ಆ ಪೆಡಲು ಅವರದೇ ಆಗಿತ್ತು, ಹಾಳೆ ಶ್ಯಾಮಣ್ಣನದು. ಒಂದು ದಿನ ಮುರಿಗೆಪ್ಪನವರಿಗೆ ಬಸ್ಸು ತಪ್ಪಿತು. ಓಡಿ ಬಂದವರು ಮಿಶನ್ನಿನ ಕುಂಕುಮ ಮುಟ್ಟಿ ಕೈ ಮುಗಿಯದೆ ಹಾಗೇ ಸ್ಟೂಲಿನ ಮೇಲೆ ಕೂತರು. ಅವತ್ತು ಊಟದ ಬೆಲ್ಲಿಗೆ ಮುಂಚೆ ಶ್ಯಾಮಣ್ಣನ ಬಲಗೈಯ ಎರಡು ಬೆರಳು ಹೋದವು. ಶ್ಯಾಮಣ್ಣ ಈಗ ಗೇಟು ಕಾಯುತ್ತಾನೆ, ಹೊತ್ತಿಗೆ ಸರಿಯಾಗಿ ನಮಗೆಲ್ಲ ಟೀ ತರುತ್ತಾನೆ. ಮುರಿಗೆಪ್ಪನವರು ಆಮೇಲೆ ಪೆಡಲು ಮುಟ್ಟಲಿಲ್ಲ. ಅದರ ಬದಲು ಒಂದು ಪದ್ಧತಿ ತಂದರು. ಡೈಯ ಅಂಚಿಗೆ ಮೊದಲಿಂದಲೂ ಹಚ್ಚುತ್ತಿದ್ದ ವಿಭೂತಿ, ಕುಂಕುಮದ ಮುಂದೆ ದಿನಾ ಕರ್ಪೂರ ಹಚ್ಚಬೇಕು. ಪೆಡಲಿನವನು ಕುಂಕುಮ ಮುಟ್ಟಿ, "ಶಿವನ ಆಣಿ, ಕೈ ನೋಡಿ ತುಳೀತೀನಿ" ಅನ್ನಬೇಕು. ಆ ಪದ್ಧತಿ ಬಂದ ಮೇಲೆ ನಮ್ಮ ಶೆಡ್ಡಿನಲ್ಲಿ ಒಂದು ಉಗುರೂ ಹೋಗಿಲ್ಲ. ಇದು ಎಲ್ಲರಿಗೂ ಗೊತ್ತು.

ನನ್ನ ಜೋಡಿಯಾಗಿದ್ದವನು ದಾಬಸ್‌ಪೇಟೆಯ ಬೇರೆ ಫ್ಯಾಕ್ಟರಿಗೆ ಹೋದ. ಅವನ ಜಾಗಕ್ಕೆ ಬಂದವನೇ ಭೀಮಪ್ಪ. ನಮ್ಮ ಕಡೆಯವನೇ, ಸಿಂದಗಿ ಹತ್ತಿರದವನು. ನಾವಿರುವ ಬಾಡಿಗೆ ರೂಮುಗಳ ಸಾಲಿನಲ್ಲಿ ನಮ್ಮ ಪಕ್ಕದ ರೂಮು ಅವನಿಗೆ ಕೊಡಿಸಿದ್ದೂ ನಾನೇ. ಎತ್ತರದ ಆಳು. ಬಾಗಿಲಲ್ಲಿ ಬಗ್ಗದೆ ಒಳಗೆ ಹೋದರೆ ಬಾಗಿಲಿಗೇ ಪೆಟ್ಟಾಗುತ್ತದೆ.

ಮೊದಲ ದಿನವೇ ಗಲಾಟೆ. ಮುರಿಗೆಪ್ಪನವರು ಕರ್ಪೂರ ಹಚ್ಚಿ, "ಬಾರಪಾ, ಆಣಿ ಮಾಡು" ಎಂದರು.

ಭೀಮಪ್ಪ ಕೈ ಕಟ್ಟಿ ನಿಂತ. "ನಾ ಆಣಿ ಮಾಡಾಂಗಿಲ್ಲರಿ."

"ಯಾಕ?"

"ನಾ ದೇವರನ್ನ ನಂಬಂಗಿಲ್ಲ."

ಪಕ್ಕದ ಮಿಶನ್ನಿನ ವೀರೇಶ್ ಬೆಂಗಳೂರಿನವನು, ಅವನಿಗೆ ಎಲ್ಲದರಲ್ಲೂ ಅವಸರ. "ಗುರು, ಬಾಯ್ಮಾತಿಗೆ ಅಂದ್ಬಿಡು. ಟೈಮ್ ಆಗ್ತಿದೆ" ಎಂದ.

"ಬಾಯಿಮಾತಿಗೆ? ಹಂಗಾರ ನೀವೆಲ್ಲಾ ಬಾಯಿಮಾತಿಗೇ ಅಂತೀರೇನು?" ಎಂದು ಭೀಮಪ್ಪ ನಕ್ಕ. ಆ ನಗು ಬೇಡವಾಗಿತ್ತು. ಅದರ ಮೇಲೆ, "ಕಬ್ಬಿಣಕ್ಕ ಕುಂಕುಮ ಹಚ್ಚಿದ್ರ ಕಣ್ಣು ಬರತಾವೇನ್ರಿ?" ಎಂದೂ ಅಂದ. ಅದಂತೂ ಬೇಡವೇ ಬೇಡವಾಗಿತ್ತು. ಮುರಿಗೆಪ್ಪನವರು ತಟ್ಟೆ ಕೆಳಗಿಟ್ಟರು. ಅವರು ಗೇಟಿನ ಕಡೆ, ಶ್ಯಾಮಣ್ಣ ಕೂರುವ ಕುರ್ಚಿಯ ಕಡೆ ನೋಡಿದರು.

ಭೀಮಪ್ಪನಿಗೂ ಜಾಸ್ತಿ ಆಡಿದೆ ಅನ್ನಿಸಿರಬೇಕು, ದನಿ ಇಳಿಸಿದ. "ನೋಡ್ರಿ ಯಜಮಾನ್ರ, ನಂಬಲಾರದ್ದರ ಮ್ಯಾಲ ಆಣಿ ಮಾಡಿದ್ರ ಅದು ಸುಳ್ಳಾಗತೈತಿ. ಮುಂಜಾನೆದ್ದು ಮೊದಲ ಮಾತೇ ಸುಳ್ಳು ಆಡಿದವನ ಪೆಡಲಿನ ಮುಂದ ಈ ರೇವಣಸಿದ್ದ ಕೈ ಇಡಬೇಕೇನು?"

ರೇವಣಸಿದ್ದ ಅಂದರೆ ನಾನು. ನನ್ನ ಕೈಗಳ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು, ನಾನು ಅವನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಅಷ್ಟರಲ್ಲಿ ಮಾಲೀಕರು ಸಂಗಮೇಶ್ ಸಾರ್ ಕಾರಿನಿಂದ ಇಳಿದರು. ಹಣೆಯ ತುಂಬ ವಿಭೂತಿ, ಕಿವಿಯಲ್ಲಿ ಫೋನು. ಸಂಗತಿ ಕೇಳಿ, "ನೋಡಿ, ನಮ್ಮನೇಲೂ ದಿನಾ ಲಿಂಗಪೂಜೆ ಆಗುತ್ತೆ. ಆದ್ರೆ ನಾನು ಯಾರ್ಗೂ ಫೋರ್ಸ್ ಮಾಡಲ್ಲ. ನಂಬದೇ ಇರೋದೂ ಅವರವರ ಇಷ್ಟ. ಹಾಗಂತ ಮುರಿಗೆಪ್ಪ ಅವರ ಮನಸ್ಸಿಗೂ ನೋವಾಗ್ಬಾರ್ದು. ಅಡ್ಜಸ್ಟ್ ಮಾಡ್ಕೊಳ್ಳಿ. ಡಿಸ್‌ಪ್ಯಾಚ್ ಮಾತ್ರ ನಿಲ್ಬಾರ್ದು" ಎಂದು ಎಲ್ಲರಿಗೂ ನ್ಯಾಯ ಹಂಚಿ ಆಫೀಸಿಗೆ ಹೋದರು.

ಮುರಿಗೆಪ್ಪನವರು ನನ್ನ ಕಡೆ ತಿರುಗಿದರು. "ಕೈ ನಿಂದು. ನೀನ ಹೇಳು. ಇಂವ ಆಣಿ ಮಾಡಾಂಗಿಲ್ಲ. ನೀ ಇವನ ಮುಂದ ಕೈ ಇಡತೀನಿ ಅಂದ್ರ ಕೆಲಸಕ್ಕ ಇರತಾನ. ಒಲ್ಲೆ ಅಂದ್ರ ಬ್ಯಾರೆ ಮನಿಷ್ಯಾನ್ನ ಕರಸತೀನಿ. ನಾಳೆ ಮುಂಜಾನೆ ತನಕ ವಿಚಾರ ಮಾಡು."

ವಿಚಾರ ಮಾಡು ಎಂದವರು ಅವರು. ನನ್ನ ಬಾಯಿ ಕೇಳಬೇಕಲ್ಲ. "ವಿಚಾರ ಏನ್ರಿ? ಕೈ ಅಷ್ಟ ಅಲ್ಲ, ತಲಿನೂ ಇಡತೀನಿ!" ಎಂದೆ. ಎಲ್ಲರೂ ನಕ್ಕರು. ಭೀಮಪ್ಪ ನಗಲಿಲ್ಲ.

ಅವತ್ತು ಆ ಪ್ರೆಸ್ಸು ನಡೆಯಲಿಲ್ಲ. ಇಬ್ಬರೂ ಹಾಳೆ ಇಳಿಸುವ ಕೆಲಸ ಮಾಡಿದೆವು. ಮಧ್ಯಾಹ್ನ ರೊಟ್ಟಿ ಮುರಿಯುವಾಗ ನನ್ನ ಬೆರಳುಗಳು ಒಂದೊಂದಾಗಿ ಕಾಣತೊಡಗಿದವು. ಅಲ್ಲಿಯವರೆಗೆ ಅವು ಬರೀ ಕೈಯಾಗಿದ್ದವು. ಹೆಬ್ಬೆರಳಿಲ್ಲದೆ ರೊಟ್ಟಿ ಮುರಿಯಲು ಆಗುತ್ತದೆಯೇ ಎಂದು ಪ್ರಯತ್ನ ಮಾಡಿ ನೋಡಿದೆ. ಆಗಲಿಲ್ಲ.

ರೂಮಿಗೆ ಬರುವುದರೊಳಗೆ ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು. ಹೆಂಡತಿ ಚನ್ನಕ್ಕ ಹೊಸ್ತಿಲಲ್ಲಿ ನಿಂತಿದ್ದಳು.

"ತಲಿ ಇಡತೀನಿ ಅಂದ್ಯಂತ?"

"ಸುಮ್ಮ ಮಾತಿಗೆ..."

"ತಲಿ ಹೋದ್ರ ಹೋಗಲಿ, ಅದರಾಗ ಏನೈತಿ? ಕೈ ಹೋದ್ರ ಮನಿ ಹೆಂಗ ನಡೀತೈತಿ?" ಎಂದವಳೇ ನನ್ನ ತೋಳು ಹಿಡಿದು ಪಕ್ಕದ ರೂಮಿಗೆ ಎಳೆದುಕೊಂಡು ಹೋದಳು.

ಭೀಮಪ್ಪನ ಹೆಂಡತಿ ಮಹಾದೇವಿ ಗೋಡೆಯ ಗೂಡಿನಲ್ಲಿದ್ದ ದೇವರ ಪಟಕ್ಕೆ ಮಲ್ಲಿಗೆ ಮಾಲೆ ಹಾಕುತ್ತಿದ್ದಳು. ದೇವರಿಲ್ಲ ಅನ್ನುವವನು ಅದರ ಕೆಳಗೇ ಕೂತು ಟೀ ಕುಡಿಯುತ್ತಿದ್ದ. ಚನ್ನಕ್ಕನಿಗೆ ಇನ್ನಷ್ಟು ಸಿಟ್ಟು ಬಂತು.

"ಅಣ್ಣಾರ, ದೇವರ ಇಲ್ಲ ಅಂದ್ರ ಈ ಹೂವು ಯಾರಿಗೆ?"

"ಆಕಿಗೆ ತಂದಿದ್ದು" ಎಂದ ಭೀಮಪ್ಪ. "ಆಕಿ ಯಾರಿಗೆ ಹಾಕತಾಳ ಅನ್ನೂದು ಆಕಿಗೆ ಬಿಟ್ಟಿದ್ದು."

ಮಹಾದೇವಿ ತಿರುಗದೆಯೇ ಹೇಳಿದಳು: "ಸೋಮವಾರ ಹೂವು ತರೂದು ಒಂದ ಸಲಾನೂ ಮರತಿಲ್ಲರಿ ಅಕ್ಕಾ. ಕೈ ಮುಗೀರಿ ಅಂದ್ರ ಮಾತ್ರ ಕಂಬ ನಿಂತಂಗ ನಿಂದರತಾರ."

"ಹೋಗ್ಲಿ, ದೇವರ ಮ್ಯಾಲ ಬ್ಯಾಡ. ಈಕಿ ಮ್ಯಾಲರ ಆಣಿ ಮಾಡ್ರಿ."

"ಆಣಿ ತಪ್ಪಿದ್ರ ಈಕಿಗೆ ಕೇಡಾಗತೈತಿ ಅಂತ ನಾ ನಂಬಿದ್ರ ಅಲ್ಲೇನವ್ವಾ, ಆ ಆಣಿಗೆ ಬೆಲಿ?"

ಚನ್ನಕ್ಕ ನನ್ನ ತೋಳು ಬಿಟ್ಟಳು. ಆಮೇಲೆ ಅವಳು ಕೇಳಿದ ರೀತಿಯಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. "ಹಂಗಾರ ನಿಮಗ ಅಂಜಿಕಿ ಯಾರದು, ಅಣ್ಣಾ? ನಮಗ ಮ್ಯಾಲ ಒಬ್ಬ ನೋಡತಾನ ಅನ್ನೂ ಅಂಜಿಕಿ ಐತಿ. ನನ್ನ ಗಂಡನ ಕೈ ಹೋದ್ರ ನೀವು ಯಾರ ಮುಂದ ಉತ್ತರ ಕೊಡತೀರಿ?"

ಭೀಮಪ್ಪ ಟೀ ಲೋಟ ಕೆಳಗಿಟ್ಟ. "ನಿಮ್ಮ ಮುಂದ" ಎಂದ. "ಒಂದ ಗ್ವಾಡಿ ಆಚಿ ಇರತೀರಲ್ಲ. ದಿನಾ ನಿಮ್ಮ ಮಾರಿ ನೋಡಬೇಕು ನಾ."

"ಅಷ್ಟ ಸಾಲೂದಿಲ್ಲ."

"ಸಾಲೂದಿಲ್ಲ, ಖರೇ. ಹಂಗಾದ್ರ ನಾಳೆ ಮೊದಲನೇ ಹಾಳಿ ನಾ ಇಡತೀನಿ. ಪೆಡಲು ಇಂವ ತುಳೀಲಿ. ಮೊದಲ ನನ್ನ ಕೈ ಹೋಗಲಿ ಒಳಗ, ಆಮ್ಯಾಲ ಇವನದು."

ಚನ್ನಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಇವನಾ? ಬ್ಯಾಡ್ರಿ ಅಣ್ಣಾ. ಇವಗ ಸೈಕಲ್ ಪೆಡಲು ತುಳ್ಯಾಕನ ಬರೂದಿಲ್ಲ."

ಮರುದಿನ ಬೆಳಿಗ್ಗೆ ಭೀಮಪ್ಪ ಹೇಳಿದಂತೆಯೇ ಆಯಿತು. ಮುರಿಗೆಪ್ಪನವರು ಕರ್ಪೂರ ಹಚ್ಚಿದರು, ನಾನು ಕುಂಕುಮ ಮುಟ್ಟಿ ಶಿವನ ಆಣೆ ಮಾಡಿ ಸ್ಟೂಲಿನ ಮೇಲೆ ಕೂತೆ. ಭೀಮಪ್ಪ ತಗಡಿನ ಹಾಳೆ ಎತ್ತಿ ಎರಡೂ ಕೈ ಒಳಗೆ ಚಾಚಿದ. ಮೇಲೆ ಎಮ್ಮೆಯಷ್ಟು ದೊಡ್ಡ ಗುಂಡು ತೂಗುತ್ತಿತ್ತು. ನನ್ನ ಬಲಗಾಲು ಗಾಳಿಗೆ ಸಿಕ್ಕ ಬಾಳೆ ಎಲೆಯಂತೆ ಹೊಡೆದುಕೊಳ್ಳತೊಡಗಿತು. ಕಾಲಿಗೆ 'ನಿಲ್ಲು' ಎಂದರೆ ಅದು ಪೆಡಲಿನ ಕಡೆಗೇ ಹೋಗುತ್ತಿದೆ ಅನ್ನಿಸಿತು. ಈಗಷ್ಟೇ ಮಾಡಿದ ಆಣೆಯನ್ನು ನೆನಪಿಸಿಕೊಳ್ಳಲು ಹೋದೆ, ಒಂದು ಶಬ್ದವೂ ಸಿಗಲಿಲ್ಲ. ಆ ಎರಡು ಕೈ ಬಿಟ್ಟು ಲೋಕದಲ್ಲಿ ಏನೂ ಕಾಣಿಸಲಿಲ್ಲ. ಭೀಮಪ್ಪ ಕೈ ಹೊರಗೆ ತೆಗೆದ, 'ಹೂಂ' ಎಂದ. ನಾನು ಅವನ ಎರಡೂ ಕೈ ಇನ್ನೊಮ್ಮೆ ನೋಡಿ ತುಳಿದೆ. ಏಟು ಬಿತ್ತು. ನನ್ನ ಬೆನ್ನು ಬೆವರಿನಿಂದ ತೊಯ್ದು ಹೋಗಿತ್ತು.

"ಆತಿಲ್ಲೋ? ಈಗ ಏಳು" ಎಂದ ಭೀಮಪ್ಪ.

ಜಾಗ ಬದಲಾಯಿತು. ಅವನ ಕೆಲಸ ನಿಧಾನ. ನಾನು 'ಹೂಂ' ಎಂದರೂ ತುಳಿಯುತ್ತಿರಲಿಲ್ಲ. ತಲೆ ಬಗ್ಗಿಸಿ ಒಂದು ಕೈ, ಇನ್ನೊಂದು ಕೈ ಎಂದು ನೋಡಿ ಆಮೇಲೆ ತುಳಿಯುತ್ತಿದ್ದ.

"ಹೂಂ ಅಂದ್ನಲ್ಲೋ!"

"ನಿನ್ನ ಹೂಂ ನನಗ ಬ್ಯಾಡ. ಎರಡೂ ಕೈ ಕಾಣಬೇಕು."

ಆ ಕಡೆಯಿಂದ ವೀರೇಶ್, "ಏನ್ ಮಚ್ಚಾ, ಕೈ ನೋಡಿ ಭವಿಷ್ಯ ಹೇಳ್ತಿದ್ದೀಯಾ?" ಎಂದು ಕಿಚಾಯಿಸಿದ. ಹಾಳೆಗಳ ಲೆಕ್ಕ ಹಿಂದೆ ಬಿತ್ತು. ಮುರಿಗೆಪ್ಪನವರು ದೂರದಲ್ಲಿ ನಿಂತು ನೋಡುತ್ತಿದ್ದರು, ಹತ್ತಿರ ಬರಲಿಲ್ಲ.

ಭೀಮಪ್ಪ ಎಷ್ಟು ನೋಡಿದರೇನು, ನನ್ನ ಹೆದರಿಕೆ ಇಳಿಯಲಿಲ್ಲ. ಇಷ್ಟು ದಿನ ಕಾಯುತ್ತಿದ್ದ ಆಣೆ ಇವತ್ತು ಈ ಪೆಡಲಿನ ಮೇಲೆ ಇಲ್ಲ, ಶಿವ ನೋಡಿದರೆ ಏನೆಂದುಕೊಂಡಾನು, ಇವನ ಮೇಲಿನ ಸಿಟ್ಟನ್ನು ನನ್ನ ಬೆರಳಿನ ಮೇಲೆ ತೀರಿಸಿಕೊಂಡರೆ ಏನು ಗತಿ? ಹೀಗೇ ಯೋಚನೆ ಮಾಡುತ್ತ ನನಗೊಂದು ಉಪಾಯ ಹೊಳೆಯಿತು. ಅವನು ಆಣೆ ಮಾಡದಿದ್ದರೇನು, ಅವನ ಪಾಲಿನದನ್ನೂ ನಾನೇ ಮಾಡುತ್ತೇನೆ. ಒಂದೊಂದು ಹಾಳೆಗೂ ಡೈಯ ಅಂಚಿನ ಕುಂಕುಮವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳತೊಡಗಿದೆ. ಮುಟ್ಟಿದಾಗ ಎದೆಗೆ ತಂಪಾಗುತ್ತಿತ್ತು. ಮುಂದಿನ ಹಾಳೆಗೆ ಮತ್ತೆ ಉರಿ, ಮತ್ತೆ ಮುಟ್ಟುವುದು.

ಮೊದಮೊದಲು ಹಾಳೆ ಇಡುವ ಮುಂಚೆ ಮುಟ್ಟುತ್ತಿದ್ದೆ. ಊಟದ ನಂತರ ಆಫೀಸಿನಿಂದ ಅವಸರ ಬಂತು. ಮುರಿಗೆಪ್ಪನವರು, "ಲಾರಿ ಬಂದು ನಿಂತೈತಿ, ಜಲ್ದಿ ಜಲ್ದಿ" ಎಂದು ಕೂಗಿದರು. ನನ್ನ ಕೈ ಓಡತೊಡಗಿತು. ಹಾಳೆ ಇಟ್ಟೆ, ಕೈ ತೆಗೆದೆ, 'ಹೂಂ' ಎಂದೆ. ಆಗ ನೆನಪಾಯಿತು, ಈ ಸಲ ಮುಟ್ಟಿಲ್ಲ.

ಬಲಗೈ ತಾನಾಗಿಯೇ ಒಳಗೆ ಹೋಯಿತು.

ಕುಂಕುಮ ಬೆರಳಿಗೆ ಸಿಕ್ಕಿತ್ತು. ಪಕ್ಕದಲ್ಲಿ ಸ್ಟೂಲು ಧಡಾರನೆ ಬಿದ್ದ ಸದ್ದಾಯಿತು. ತಿರುಗಿದರೆ ಭೀಮಪ್ಪ ನೆಲದ ಮೇಲೆ ಅಂಗಾತ ಬಿದ್ದಿದ್ದ, ಪೆಡಲು ತುಳಿಯಲು ಹೊರಟಿದ್ದ ಕಾಲು ಮೇಲಕ್ಕೆ ಎದ್ದಿತ್ತು. ಪೆಡಲಿಗೆ ತಗಲದಂತೆ ಕಾಲನ್ನು ಎಳೆದ ರಭಸಕ್ಕೆ ಸ್ಟೂಲಿನ ಸಮೇತ ಹಿಂದಕ್ಕೆ ಉರುಳಿದ್ದ. ಗುಂಡು ಮೇಲೆಯೇ ಇತ್ತು. ನನ್ನ ಕೈ ಇನ್ನೂ ಒಳಗೇ ಇತ್ತು. ಅದನ್ನು ಹೊರಗೆ ತೆಗೆಯಬೇಕೆಂದು ತಿಳಿಯುವುದಕ್ಕೇ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಭೀಮಪ್ಪ ಎದ್ದು ಬಂದು ನನ್ನ ಕಪಾಳಕ್ಕೆ ಒಂದು ಬಿಟ್ಟ. "ಏನು ಹುಡುಕಾಕತ್ತಿದ್ದಿ ಒಳಗ?" ಎಂದು ಕಿರುಚಿದ. ಅವನ ತುಟಿ ಬಿಳಿಚಿಕೊಂಡಿತ್ತು. ಹೊಡೆದ ಕೈಯಿಂದಲೇ ನನ್ನ ಬೆರಳುಗಳನ್ನು ಹಿಡಿದು ಒಂದೊಂದಾಗಿ ಮುಟ್ಟಿ ನೋಡಿದ.

ಮಿಶನ್ನುಗಳೆಲ್ಲ ನಿಂತವು. ಎಲ್ಲರೂ ಓಡಿ ಬಂದು ಸುತ್ತ ನಿಂತರು. ಯಾರಿಗೂ ಏನಾಯಿತೆಂದು ಕಂಡಿರಲಿಲ್ಲ. ವೀರೇಶ್ ತಾನೇ ತೀರ್ಮಾನ ಮಾಡಿಬಿಟ್ಟ: "ಆಣೆ ಮಾಡ್ದೇ ಕೂತ್ರೆ ಇನ್ನೇನಾಗುತ್ತೆ? ನಾನ್ ನಿನ್ನೇನೇ ಅಂದ್ಕೊಂಡೆ ಕಣ್ರೀ."

ಮುರಿಗೆಪ್ಪನವರು ಗುಂಪು ಸರಿಸಿ ಬಂದರು. ನನ್ನ ಕೈ ನೋಡಿದರು, ಬೆರಳು ಎಣಿಸಿದರು. ಆಮೇಲೆ ಭೀಮಪ್ಪನ ಕಡೆ ತಿರುಗಿ, "ಏಪ್ರನ್ ತಗದು ಇಡು. ಹೋಗು" ಎಂದರು. ಅಷ್ಟೇ.

ತಪ್ಪು ನನ್ನ ಕೈಯದು, ಹೋಗುವವನು ಅವನು. ನಿಜ ಹೇಳೋಣವೆಂದರೆ ಕುಂಕುಮದ ಮಾತು ಎತ್ತಬೇಕು. ಮುರಿಗೆಪ್ಪನವರ ಮುಂದೆ, ಈ ಹೊತ್ತಿನಲ್ಲಿ, 'ನಿಮ್ಮ ಕುಂಕುಮ ಮುಟ್ಟಲು ಹೋಗಿ' ಎಂದು ಹೇಗೆ ಹೇಳುವುದು? ನಾಲಿಗೆಗೆ ರೂಢಿಯಾದ ದಾರಿ ಒಂದೇ. ಅದು ಆ ಕಡೆಗೇ ಓಡಿತು.

"ಯಜಮಾನ್ರ, ನಿಂದರ್ರಿ! ನೀವು ನೋಡಿಲ್ಲ, ನಾ ನೋಡೇನಿ" ಎಂದೆ. "ಇವನ ಕಾಲು ಪೆಡಲಿನ ಮ್ಯಾಲ ಇಳದಿತ್ತು. ಆವಾಗ ಇವನ ಬಾಯಾಗ ಬಂತು ನೋಡ್ರಿ, 'ಶಿವನೇ!' ಅಂತ. ಎಂಥಾ ದನಿ! ಮ್ಯಾಲಿನ ಶೀಟು ಅದುರಿದ್ವು. ಪೆಡಲಿನ ಕೆಳಗಿಂದ ಯಾರೋ ಕೈ ಹಾಕಿ ಕಾಲು ಎತ್ತಿ ಒಗದಂಗಾತು. ಆರಡಿ ಆಳು, ಹಂಗ ಹಾರಿ ಬಿದ್ದಾನ. ಮನಿಷ್ಯಾನ ಕೆಲಸ ಅಲ್ಲರಿ ಅದು!"

ಕತೆ ಹಿಡಿಯಿತು. ಒಬ್ಬಿಬ್ಬರು ಆಗಲೇ ಕೈ ಮುಗಿದರು. ವೀರೇಶ್, "ಸಕ್ಕತ್ ಗುರು, ಮೈ ಜುಂ ಅಂತು" ಎಂದ. ಮುರಿಗೆಪ್ಪನವರ ಕಣ್ಣು ಒದ್ದೆಯಾಯಿತು. ಅವರು ಭೀಮಪ್ಪನ ಭುಜ ಮುಟ್ಟಿ, ನಿನ್ನೆಯಿಂದ ಆಡದಿದ್ದ ಮೆತ್ತನೆಯ ದನಿಯಲ್ಲಿ ಕೇಳಿದರು: "ಹೌದೇನಪಾ? ಶಿವನ ಹೆಸರು ಬಂತೇನು ಬಾಯಾಗ?"

ತಲೆ ಆಡಿಸಿದ್ದರೆ ಸಾಕಿತ್ತು. ನಾನು ಮುರಿಗೆಪ್ಪನವರ ಬೆನ್ನ ಹಿಂದಿನಿಂದ 'ಹೂಂ ಅನ್ನು, ಹೂಂ ಅನ್ನು' ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಭೀಮಪ್ಪ ನನ್ನನ್ನು ನೋಡಿದ, ಅವರನ್ನು ನೋಡಿದ.

"ಇಲ್ಲರಿ" ಎಂದ. "ನನ್ನ ಬಾಯಾಗ ಏನೂ ಬರಲಿಲ್ಲ. ಇವನ ಒಂದ ಕೈ ಕಂಡಿತು. ಇನ್ನೊಂದು ಕಾಣಲಿಲ್ಲ. ಅಷ್ಟ."

ಯಾರೋ ಲೊಚಗುಟ್ಟಿದರು. ಮುರಿಗೆಪ್ಪನವರು ಅವನ ಭುಜದಿಂದ ಕೈ ತೆಗೆದರು. ಆದರೆ ಹೋಗು ಎಂದು ಮತ್ತೆ ಹೇಳಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದರು.

"ಇನ್ನೊಂದು ಕೈ ಎಲ್ಲಿತ್ತು?"

ನನ್ನ ಬಲಗೈಯ ಬೆರಳ ತುದಿ ಇನ್ನೂ ಕೆಂಪಗಿತ್ತು. ಬಾಯಿ ಬಿಡುವುದು ಬೇಕಿರಲಿಲ್ಲ. ಕೈ ಮುಂದೆ ಚಾಚಿ ತೋರಿಸಿದೆ.

"ಹೂಂ ಅಂದ ಮ್ಯಾಲ ಹಾಕಿದ್ಯಾ?"

"ಇಂವ ಆಣಿ ಮಾಡಿಲ್ಲ ಅಂತ ಅಂಜಿಕಿ ಆತ್ರಿ. ಅದಕ ಹಾಳಿಗೊಮ್ಮೆ ಮುಟ್ಟತಿದ್ದೆ. ಆ ಸಲ ಮರತಿದ್ದೆ. ಅದಕ..."

ಗುಂಪಿನ ಹಿಂದೆ ಲೋಟಗಳು ಒಂದಕ್ಕೊಂದು ತಾಗಿ ಗಿಲಗಿಲ ಎಂದವು. ಟೀ ತಂದ ಶ್ಯಾಮಣ್ಣ ನಿಂತಿದ್ದ. ಕೆಟಲು ಅವನ ಎಡಗೈಯಲ್ಲಿತ್ತು, ಲೋಟದ ತಟ್ಟೆಯನ್ನು ಉಳಿದ ಬೆರಳುಗಳಿಂದ ಎದೆಗೆ ಒತ್ತಿ ಹಿಡಿದಿದ್ದ.

"ನಾನೂ ಅಂಗೇ ಮಾಡಿದ್ದು ಕಣಣ್ಣೋ" ಎಂದ.

ಮುರಿಗೆಪ್ಪನವರು ತಿರುಗಿದರು. "ಏನು?"

"ಅವತ್ತು ನೀವು ಲೇಟಾಗ್ ಬಂದ್ರಲ್ಲ, ಕುಂಕುಮ ಮುಟ್ನಿಲ್ಲ. ನಂಗೆ ಒಂಥರಾ ಆಯ್ತು. ನಿಮ್ ಬದ್ಲು ನಾನೇ ಮುಟ್ಟುವ ಅಂತ ಆವಾಗಾವಾಗ ಮುಟ್ತಿದ್ದೆ. ಒಂದ್ಸಲ ಹೂಂ ಅಂದ್ಮೇಲೆ ಕೈ ಆಕ್ಬುಟ್ಟೆ."

"ಇಷ್ಟು ದಿವಸ ಯಾಕ ಹೇಳಲಿಲ್ಲೋ, ಮಾರಾಯಾ?"

"ಎಂಗೇಳ್ಲಿ? ದೇವ್ರುನ್ನ ಮುಟ್ಟಕ್ಕೋಗಿ ಬೆರಳೋಯ್ತು ಅಂತ ಏಳಿದ್ರೆ ದೇವ್ರು ಮ್ಯಾಲೆ ದೂರು ಏಳ್ದಂಗಾಯ್ತದೆ. ಕೈ ಮುಗೀನಿಲ್ಲ, ಅದ್ಕೇ ಇಂಗಾಯ್ತು ಅಂತ ನೀವೇ ಅಂದ್ರಿ. ನಾನು ಸುಮ್ಕಾದೆ."

ಬಿದ್ದಿದ್ದ ಸ್ಟೂಲನ್ನು ಭೀಮಪ್ಪ ಎತ್ತಿ ನಿಲ್ಲಿಸಿದ. ಮುರಿಗೆಪ್ಪನವರು ಅದರ ಮೇಲೆ ಕೂತರು, ಎಷ್ಟೋ ವರ್ಷದ ಮೇಲೆ. ಕಾಲನ್ನು ಪೆಡಲಿನಿಂದ ದೂರ ಇಟ್ಟುಕೊಂಡರು. ಭೀಮಪ್ಪ ಈಗ ಒಂದು ಮಾತು ಚುಚ್ಚುತ್ತಾನೆ ಎಂದು ನನಗೆ ಭಯ. ಚುಚ್ಚುವ ಮಾತು ಅವನ ಬಳಿ ಇದ್ದೇ ಇತ್ತು. ಅವನು ಶ್ಯಾಮಣ್ಣನ ಕೈಯಿಂದ ತಟ್ಟೆ ಇಸಿದುಕೊಂಡ, ಒಂದು ಲೋಟಕ್ಕೆ ಟೀ ಹಾಕಿಸಿಕೊಂಡು ಮುರಿಗೆಪ್ಪನವರ ಮುಂದೆ ಹಿಡಿದ. ಅವರು ತೆಗೆದುಕೊಂಡರು, ಕುಡಿಯಲಿಲ್ಲ. "ಇವತ್ತು ಈ ಮಿಶನ್ನು ಬಂದ್" ಎಂದು ಮಾತ್ರ ಹೇಳಿದರು.

ಭೀಮಪ್ಪನನ್ನು ಇಟ್ಟುಕೊಂಡರೋ ಬಿಟ್ಟರೋ ಹೇಳಲೇ ಇಲ್ಲ. ಸಂಜೆ ಗೋಡೆಯ ಆಚೆ ಭೀಮಪ್ಪ, ಮಹಾದೇವಿ ಪಿಸುಗುಟ್ಟುವುದು ಕೇಳಿಸುತ್ತಿತ್ತು. ಊರಿಗೆ ಹೋಗುವ ಬಸ್ಸಿನ ಮಾತು ಬಂತು. ಚನ್ನಕ್ಕ ನನ್ನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕುಂಕುಮ ಹೋಗುವವರೆಗೆ ಎಣ್ಣೆ ಹಚ್ಚಿ ತಿಕ್ಕಿದಳು. ಆಮೇಲೆ ಒಂದು ಬಟ್ಟಲು ಸಾರು ತೆಗೆದುಕೊಂಡು ಪಕ್ಕದ ರೂಮಿಗೆ ಹೋದಳು. ಏನು ಹೇಳಿದಳೋ ಗೊತ್ತಿಲ್ಲ, ಬರಿಗೈಯಲ್ಲಿ ಬಂದು ಮಲಗಿದಳು.

ಬೆಳಿಗ್ಗೆ ನಾನೂ ಭೀಮಪ್ಪನೂ ಶೆಡ್ಡಿಗೆ ನಡೆದೆವು. ಭೀಮಪ್ಪನ ಏಪ್ರನ್ ಮೊಳೆಯಲ್ಲಿ ನೇತಾಡುತ್ತಲೇ ಇತ್ತು. ಮುರಿಗೆಪ್ಪನವರು ನಮಗಿಂತ ಮೊದಲೇ ಬಂದಿದ್ದರು. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಡೈ ಒರೆಸಿ ಒರೆಸಿ ಕನ್ನಡಿ ಮಾಡಿದ್ದರು. ಒಂದು ಚೂರೂ ಕೆಂಪಿರಲಿಲ್ಲ. ವಿಭೂತಿ, ಕುಂಕುಮ ಈಗ ಮಿಶನ್ನಿನ ಕಂಬದ ಮೇಲೆ, ಕೈಗೆ ಎಟುಕದಷ್ಟು ಎತ್ತರದಲ್ಲಿದ್ದವು. ಅಲ್ಲಿ ಹಚ್ಚಲು ಏಣಿ ಇಟ್ಟುಕೊಂಡಿದ್ದರು. ಏಣಿ ಇನ್ನೂ ಅಲ್ಲೇ ಒರಗಿತ್ತು.

"ಇನ್ನ ಮ್ಯಾಲ ದೇವರು ಅಲ್ಲೇ ಇರಲಿ. ಯಾರೂ ಮುಟ್ಟೂದು ಬ್ಯಾಡ. ನೋಡಿ ಕೈ ಮುಗದ್ರ ಸಾಕು" ಎಂದರು. ಕರ್ಪೂರದ ತಟ್ಟೆ ಎಲ್ಲರ ಮುಂದೆ ಹೋಯಿತು. ಭೀಮಪ್ಪನ ಮುಂದೆ ಒಂದು ಗಳಿಗೆ ನಿಂತಿತು. ಅವನು ಕೈ ಕಟ್ಟಿಕೊಂಡೇ ಇದ್ದ. ಮುರಿಗೆಪ್ಪನವರು ಅವನ ಮುಖ ನೋಡಿದರು, ಮುಂದೆ ಹೋದರು. ಹೋಗುತ್ತ, "ಸ್ಟೂಲಿನ ಕಾಲು ಅಲಗ್ಯಾಡತೈತಿ, ನೋಡಿ ಕೂಡು" ಎಂದರು.

ಭೀಮಪ್ಪ ಏಪ್ರನ್ ಕಟ್ಟಿಕೊಂಡು ಕೂತ. ನಾನು ಹಾಳೆ ಇಟ್ಟೆ, ಕೈ ತೆಗೆದೆ, 'ಹೂಂ' ಎಂದೆ. ಬಲಗೈ ಹಳೆಯ ಜಾಗಕ್ಕೇ ಹೊರಟಿತು. ಅದನ್ನು ಹಿಡಿದು ಎಡಗೈಗೆ ಸೇರಿಸಿ, ಎರಡೂ ಕೈ ತಲೆಯ ಮೇಲೆತ್ತಿ ಕಂಬದ ಕಡೆ ಮುಗಿದೆ. ಕಣ್ಣು ಮುಚ್ಚಿದೆ. ಇವತ್ತು ಹೇಳಿಕೊಳ್ಳುವುದು ಬಹಳ ಇತ್ತು.

ವೀರೇಶ್ ಕೂಗಿದ: "ಏ ಭೀಮಪ್ಪ, ಕೈ ಹೊರಗಿದೆಯಲ್ಲೋ, ತುಳಿ!"

"ಇರಲಿ, ತಡಿ" ಎಂದ ಭೀಮಪ್ಪ. "ಮುಗಿಸಲಿ."

ನಾನು ಕಣ್ಣು ಬಿಡುವವರೆಗೂ ಅವನು ಕಾದ. ನನ್ನ ಎರಡೂ ಕೈ ನೋಡಿದ. ಆಮೇಲೆ ತುಳಿದ. ಹೊರಗೆ ತುಮಕೂರು ರಸ್ತೆಯಲ್ಲಿ ಯಾವನೋ ಲಾರಿಯವನು ಬ್ರೇಕು ಹಾಕಿದ್ದು ಕೇಳಿಸಿತು.